ಕಂಪ್ಯೂಟರ್‌ನ ಚಟಚಟ ಸದ್ದಿಗೆ ಎಲ್ಲಾ ದಾರಿ ನೋಡಿದೆ, ನನ್ನ ಓಟು ಯುಎಸ್‌ಬಿ ಸೌಂಡ್ ಕಾರ್ಡಿಗೆ

ಮನೆಯ ಕಂಪ್ಯೂಟರ್‌ನಲ್ಲಿ ಹಾಡು ಹಚ್ಚಿದರೆ ನಡುನಡುವೆ ಚಟ್, ಪಟ್ ಅನ್ನುತ್ತಿದೆಯಾ? ಕೇಳಿದವರಿಗೆಲ್ಲ ನಾನೀಗ ಹೇಳುವುದು ಒಂದೇ ಮಾತು. ಹೆಬ್ಬೆರಳಿನಷ್ಟು ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ತಗೊಳ್ಳಿ, ಅಂದರೆ ಯುಎಸ್‌ಬಿ ಪೋರ್ಟಿಗೆ ಚುಚ್ಚಿ ಅದಕ್ಕೇ ಸ್ಪೀಕರ್ ಹಚ್ಚುವ ಸಣ್ಣ ಸಾಧನ. ನಾನು 650 ರೂಪಾಯಿ ಕೊಟ್ಟೆ. ಅಷ್ಟು ದುಡ್ಡಿಗೆ ಸಿಕ್ಕ ನೆಮ್ಮದಿ ದೊಡ್ಡದು.

ನನಗೆ ಇದು ಯಾಕೆ ಮುಖ್ಯ ಅಂದರೆ, ಬಳ್ಳಾರಿ ಸುತ್ತಿನ ಹಳ್ಳಿಗಳಲ್ಲಿ ಬಯಲಾಟ ಇದ್ದಾಗ ಹೋಗಿ ಹಿಮ್ಮೇಳ ರೆಕಾರ್ಡ್ ಮಾಡಿಕೊಂಡು ಬರುತ್ತೇನೆ. ಮನೆಯಲ್ಲಿ ಕೂತು ಕೇಳಿ, ಪದಗಳನ್ನು ಬೇರೆ ಬೇರೆ ಮಾಡಿ ಮೇಳದವರಿಗೆ ಕಳಿಸುತ್ತೇನೆ. ಮದ್ದಳೆ, ತಾಳ ಜೋರಾಗಿದ್ದಾಗ ಚಟಚಟ ಗೊತ್ತಾಗುವುದಿಲ್ಲ. ಮುಖವೀಣೆಯವರು ಒಂದು ಸ್ವರ ಉದ್ದ ಎಳೆದರೆ ಸಾಕು, ನಡುವೆ ಪಟ್ ಅಂದದ್ದು ಕಿವಿಗೆ ಚುಚ್ಚುತ್ತದೆ. ಹಾಗಾಗಿ ಹೊಸದೇನು ಹಾಕಿದರೂ ನನ್ನ ಪರೀಕ್ಷೆಗೆ ಅದೇ ಎಳೆದ ಸ್ವರ.

ದುಡ್ಡು ಬಿಚ್ಚುವ ಮುಂಚೆ ಒಂದು ಕೆಲಸ ಮಾಡಿ. ಒಂದೇ ಫೈಲನ್ನು ಎರಡು ಸಲ ಕೇಳಿ. ಎರಡೂ ಸಲ ಅದೇ ಜಾಗದಲ್ಲಿ ಪಟ್ ಅಂದರೆ ತೊಂದರೆ ರೆಕಾರ್ಡಿಂಗ್‌ನಲ್ಲೇ ಇದೆ, ಯಾವ ಕಾರ್ಡೂ ಅದನ್ನು ಸರಿ ಮಾಡುವುದಿಲ್ಲ. ಜಾಗ ಬದಲಾದರೆ ಕಂಪ್ಯೂಟರ್ ಕಡೆ ನೋಡಬೇಕು. ನನ್ನದು ಎರಡನೆಯದು.

ಮೊದಲು ನೋಡಿದ್ದು ಪುಕ್ಕಟೆ ದಾರಿ, ಅಂದರೆ ಸೆಟ್ಟಿಂಗ್ ಮತ್ತು ಡ್ರೈವರ್ (ಕಂಪ್ಯೂಟರ್‌ನ ಒಂದೊಂದು ಭಾಗವನ್ನು ನಡೆಸುವ ತಂತ್ರಾಂಶ). ವಿಂಡೋಸ್ ಸಾಮಾನ್ಯವಾಗಿ ಸದ್ದನ್ನು 10 ಮಿಲಿಸೆಕೆಂಡಿನ ತುಂಡುಗಳಾಗಿ ಕಳಿಸುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದಿನ ಒಂದೊಂದು ಅಳತೆ) ಅಂತ ಹಿಡಿದರೆ ಒಂದು ತುಂಡಿನಲ್ಲಿ 480. ಯಾವುದೋ ಒಂದು ಡ್ರೈವರ್ ಪ್ರೊಸೆಸರನ್ನು ಹಿಡಿದಿಟ್ಟುಕೊಂಡರೆ ಮುಂದಿನ ತುಂಡು ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಆ ಖಾಲಿ ಜಾಗವೇ ನಮಗೆ ಪಟ್ ಅಂತ ಕೇಳುವುದು. ಲೇಟೆನ್ಸಿಮಾನ್ ಅನ್ನುವ ತಂತ್ರಾಂಶ ಹಾಕಿ ಸ್ವಲ್ಪ ಹೊತ್ತು ಓಡಿಸಿದರೆ ಹೀಗೆ ತಡ ಮಾಡುತ್ತಿರುವ ಡ್ರೈವರ್ ಯಾವುದು ಅಂತ ಹೆಸರು ಸಮೇತ ತೋರಿಸುತ್ತದೆ. ಎಷ್ಟೋ ಕಡೆ ವೈಫೈ ಡ್ರೈವರ್ ಇರುತ್ತದೆ. ವೈಫೈ ಆಫ್ ಮಾಡಿದ ಕೂಡಲೇ ಸದ್ದು ಶುದ್ಧವಾದರೆ ಅದನ್ನೇ ಹಿಡಿಯಿರಿ. ಇಂಥ ತೊಂದರೆಗೆ ಯುಎಸ್‌ಬಿ ಕಾರ್ಡ್ ಕೊಂಡರೂ ಉಪಯೋಗ ಕಡಿಮೆ, ಯಾಕಂದರೆ ಅದಕ್ಕೂ ತುಂಡುಗಳು ತಡವಾಗಿಯೇ ಬರುತ್ತವೆ.

ನನ್ನ ಕಂಪ್ಯೂಟರ್‌ನಲ್ಲಿ ಸಿಕ್ಕಿಬಿದ್ದದ್ದು ಮದರ್‌ಬೋರ್ಡ್ (ಕಂಪ್ಯೂಟರ್ ಒಳಗಿನ ಮುಖ್ಯ ಹಲಗೆ) ಜೊತೆ ಬಂದ ಆಡಿಯೋ ಡ್ರೈವರ್. ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ಸ್, ಅಂದರೆ ಸದ್ದಿಗೆ ಮೆರುಗು ಕೊಡುವ ಸೆಟ್ಟಿಂಗ್, ಆಫ್ ಮಾಡಿದಾಗ ಚಟಚಟ ಸ್ವಲ್ಪ ತಗ್ಗಿತು, ಪೂರ್ತಿ ಹೋಗಲಿಲ್ಲ. ಆಮೇಲೆ ವಿಂಡೋಸ್‌ನಲ್ಲಿ ಸಾಧನಗಳ ಪಟ್ಟಿ ಇರುವ ಡಿವೈಸ್ ಮ್ಯಾನೇಜರ್‌ಗೆ ಹೋಗಿ, ಆ ಡ್ರೈವರ್ ತೆಗೆದು, ವಿಂಡೋಸ್‌ನಲ್ಲೇ ಇರುವ ‘ಹೈ ಡೆಫಿನಿಷನ್ ಆಡಿಯೋ ಡಿವೈಸ್’ ಆರಿಸಿದೆ. ಚಟಚಟ ನಿಂತೇಹೋಯಿತು. ಮುಖವೀಣೆ ಶುದ್ಧವಾಗಿ ಕೇಳಿತು.

ಆದರೆ ಅದು ಉಳಿಯಲಿಲ್ಲ. ಇದೇ ನನಗೆ ಎಲ್ಲಕ್ಕಿಂತ ಸಿಟ್ಟು ತರಿಸಿದ ವಿಷಯ. ಅಪ್‌ಡೇಟ್ ಬಂದಾಗ ಹಳೇ ಡ್ರೈವರ್ ಸದ್ದಿಲ್ಲದೆ ವಾಪಸ್ ಬಂದು ಕೂಡುತ್ತದೆ. ಯಾರೂ ಹೇಳುವುದಿಲ್ಲ, ಕೇಳುವುದೂ ಇಲ್ಲ. ರಾತ್ರಿ ಊಟ ಮುಗಿಸಿ ಕೆಲಸಕ್ಕೆ ಕೂತರೆ ಮತ್ತೆ ಪಟ್, ಪಟ್. ಮತ್ತೆ ಡಿವೈಸ್ ಮ್ಯಾನೇಜರ್, ಮತ್ತೆ ಅದೇ ಪಟ್ಟಿ, ಮತ್ತೆ ರೀಸ್ಟಾರ್ಟ್. ಡ್ರೈವರ್ ತಾನಾಗಿ ಇಳಿಯಬಾರದು ಅಂತ ಸೆಟ್ಟಿಂಗ್‌ನಲ್ಲಿ ‘ನೋ’ ಒತ್ತಿದ್ದೆ. ಕೆಲವು ದಿನ ಸುಮ್ನಿತ್ತು, ದೊಡ್ಡ ಅಪ್‌ಡೇಟ್ ಬಂದ ಮೇಲೆ ಅದೂ ನಡೆಯಲಿಲ್ಲ. ಜೊತೆಗೆ, ಈಗ ಕೇಳಿದ ಪಟ್ ರೆಕಾರ್ಡಿಂಗ್‌ನದೋ ಡ್ರೈವರ್‌ನದೋ ಅನ್ನುವ ಅನುಮಾನ ತಲೆಯಲ್ಲಿ ಕೂತುಬಿಡುತ್ತದೆ. ನಂಬಿ ಕೆಲಸ ಮಾಡಲು ಆಗುವುದಿಲ್ಲ. ಪುಕ್ಕಟೆ ದಾರಿ ನಿಜಕ್ಕೂ ಕೆಲಸ ಮಾಡುತ್ತದೆ, ಆದರೆ ಅದನ್ನು ಕಾಯುತ್ತಾ ಕೂಡಬೇಕು.

ಯುಎಸ್‌ಬಿ ಕಾರ್ಡ್ ಗೆದ್ದದ್ದು ಇಲ್ಲೇ. ಇದಕ್ಕೆ ಬೇರೆ ಡ್ರೈವರ್ ಬೇಕಿಲ್ಲ, ವಿಂಡೋಸ್‌ನಲ್ಲಿರುವ ಸಾಮಾನ್ಯ ಯುಎಸ್‌ಬಿ ಆಡಿಯೋ ಡ್ರೈವರ್ ಸಾಕು. ಕಾರ್ಡ್ ಹಾಕಿದ ಮೇಲೆ ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮುಂಚೆ ತೆಗೆಯುವ ಸೆಟ್ಟಿಂಗ್ ಪುಟ) ಹೋಗಿ ಮದರ್‌ಬೋರ್ಡಿನ ಆಡಿಯೋವನ್ನೇ ಬಂದ್ ಮಾಡಿದೆ. ಆ ಚಿಪ್ ಇದೆ ಅಂತಲೇ ವಿಂಡೋಸ್‌ಗೆ ಕಾಣುವುದಿಲ್ಲ. ಇನ್ನು ಯಾವ ಅಪ್‌ಡೇಟ್ ಬಂದರೂ ಹಳೇ ಡ್ರೈವರ್‌ಗೆ ಜಾಗವೇ ಇಲ್ಲ, ಅಲ್ವಾ? ಈ ಹೆಜ್ಜೆ ಮಾತ್ರ ಬಿಡಬೇಡಿ. ಕ್ಯಾಬಿನೆಟ್ ಮುಂದಿನ ಹೆಡ್‌ಫೋನ್ ಜ್ಯಾಕ್ ಆಮೇಲೆ ಕೆಲಸ ಮಾಡುವುದಿಲ್ಲ. ಅದು ಹೋದರೆ ಹೋಗಲಿ. ಆ ಜ್ಯಾಕಿಗೆ ಒಳಗಿನಿಂದ ಸಣ್ಣ ವೈರ್ ಬರುತ್ತದೆ, ಗ್ರಾಫಿಕ್ಸ್ ಕಾರ್ಡ್, ಪವರ್ ಸಪ್ಲೈ ಪಕ್ಕದಲ್ಲೇ ಹಾದು ಅವುಗಳ ಗದ್ದಲ ಹೊತ್ತು ತರುತ್ತದೆ. ಮೌಸ್ ಸರಿಸಿದರೆ ಕಿರ್ ಅನ್ನುವುದು ಅದಕ್ಕೇ. ಆ ಕಿರ್ ಕೂಡ ನನ್ನ ಮನೆಯಲ್ಲಿ ಈಗಿಲ್ಲ.

ಕಾರ್ಡನ್ನು ಹಿಂದಿನ ಪೋರ್ಟಿಗೆ ನೇರವಾಗಿ ಹಾಕಿ. ಹಾರ್ಡ್ ಡಿಸ್ಕ್, ಪೆನ್‌ಡ್ರೈವ್ ಎಲ್ಲಾ ತೂಗಿಬಿದ್ದಿರುವ ಹಬ್ ಬೇಡ. ಹಾಡು ಶುರುವಾಗುವಾಗ ಮೊದಲ ತುಣುಕು ನುಂಗಿದಂತಾದರೆ ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ಸುಮ್ಮನಿರುವ ಯುಎಸ್‌ಬಿ ಸಾಧನವನ್ನು ಮಲಗಿಸುವ ಸೆಟ್ಟಿಂಗ್) ಬಂದ್ ಮಾಡಿ. ತೀರಾ ಅಗ್ಗದ ಕಾರ್ಡ್ ಗೆಳೆಯನ ಹತ್ತಿರ ಇತ್ತು, ಅದರಲ್ಲಿ ಸುಂಯ್ ಅನ್ನುವ ಸದ್ದು ಬಿಡದೆ ಕೇಳುತ್ತಿತ್ತು. ಅದಕ್ಕೆ ಹೋಗಬೇಡಿ.

ಗ್ರೌಂಡ್ ಲೂಪ್ ಐಸೋಲೇಟರ್ ಬಗ್ಗೆಯೂ ಹೇಳಬೇಕು. ಸ್ಪೀಕರ್ ವೈರಿನ ನಡುವೆ ಸೇರಿಸುವ ಸಣ್ಣ ಡಬ್ಬಿ, ನನಗೆ 300 ರೂಪಾಯಿಗೆ ಸಿಕ್ಕಿತು. ಒಳಗೆ ಎಡಕ್ಕೊಂದು ಬಲಕ್ಕೊಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಕಂಪ್ಯೂಟರ್ ಒಂದು ಪ್ಲಗ್ಗಿನಲ್ಲಿ, ಆಂಪ್ಲಿಫೈಯರ್ ಇನ್ನೊಂದರಲ್ಲಿ ಇದ್ದಾಗ ಬರುವ ಗುಂಯ್ ಅನ್ನುವ 50 ಹರ್ಟ್ಸ್ ಸದ್ದಿಗೆ ಇದು ಒಳ್ಳೆಯದು. ಚಟಚಟಕ್ಕೆ ಅಲ್ಲ. ನನ್ನಲ್ಲಿ ಗುಂಯ್ ಹೋಯಿತು, ಚಟಚಟ ಹಾಗೇ ಉಳಿಯಿತು, ಮದ್ದಳೆಯ ದಪ್ಪ ಪೆಟ್ಟು ಸ್ವಲ್ಪ ತೆಳುವಾಯಿತು. ತೆಗೆದಿಟ್ಟೆ.

ಗುಂಯ್ ನಿಲ್ಲಿಸಲು ಪ್ಲಗ್ಗಿನ ಮೂರನೇ (ಅರ್ಥ್) ಪಿನ್ ಕಿತ್ತು ಹಾಕಿ ಅನ್ನುವವರು ಸಿಗುತ್ತಾರೆ. ದಯವಿಟ್ಟು ಬೇಡ. ಆ ಪಿನ್ನೇ ನಮ್ಮನ್ನು ಶಾಕ್‌ನಿಂದ ಕಾಯುವುದು. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅಂದರೆ ಅರ್ಥಿಂಗ್ ಸರಿ ಇಲ್ಲ ಅಂತಲೇ ತಿಳಿಯಿರಿ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ನೆಲ ಒಣಗಿ ಅರ್ಥ್ ಗುಂಡಿ ಕೆಲಸ ಕಡಿಮೆ ಮಾಡುತ್ತದೆ. ಉಪ್ಪು, ಇದ್ದಿಲು ಹಾಕಿದ ಗುಂಡಿಗೆ ಆಗಾಗ ನೀರು ಹಾಕಬೇಕು. ಎಲೆಕ್ಟ್ರಿಷಿಯನ್ ಕರೆಸಿ ಒಮ್ಮೆ ಅಳತೆ ಮಾಡಿಸಿ. ಇದು ಸದ್ದಿಗಿಂತ ದೊಡ್ಡ ವಿಷಯ.

ಕ್ಯಾಬಿನೆಟ್ ಒಳಗೆ ಕೂರಿಸುವ ಸೌಂಡ್ ಕಾರ್ಡನ್ನು ಅದೇ ಗೆಳೆಯನಿಂದ ತಂದು ಹಾಕಿ ನೋಡಿದೆ. ಸದ್ದು ಚೆನ್ನಾಗಿತ್ತು. ಆದರೆ ಹೊಸದು ಕೊಳ್ಳಲು ಸಾವಿರಗಳ ಲೆಕ್ಕ, ಮೇಲೆ ಅದರದ್ದೇ ಒಂದು ಡ್ರೈವರ್ ಕಾಟ. ಐದಾರು ಸ್ಪೀಕರ್ ಇಟ್ಟುಕೊಂಡು ಸಿನಿಮಾ ನೋಡುವವರಿಗೆ ಸರಿ.

ಬ್ಲೂಟೂತ್ ಸ್ಪೀಕರ್‌ನಲ್ಲಿ ಸದ್ದು ತಡವಾಗಿ ಬರುತ್ತದೆ. ಎಡಿಟ್ ಮಾಡುವವರಿಗೆ ಆಗದು.

ನಾನು ಎರಡೇ ಸ್ಪೀಕರ್ ಮತ್ತು ಒಂದು ಹೆಡ್‌ಫೋನ್ ಇಟ್ಟುಕೊಂಡವನು, ರಾತ್ರಿ ಹೊತ್ತು ಕೇಳುವವನು, ಸಾವಿರದ ಮೇಲೆ ಖರ್ಚು ಮಾಡಲಾರೆ. ನನ್ನಂಥವರಿಗೆ ಯುಎಸ್‌ಬಿ ಕಾರ್ಡೇ ಸರಿ. ದುಡ್ಡು ಹಾಕುವುದೇ ಬೇಡ ಅನ್ನುವವರು ಡ್ರೈವರ್ ಬದಲಿಸಿ ನೋಡಿ, ಪ್ರತಿ ಅಪ್‌ಡೇಟ್ ಆದ ಮೇಲೂ ಡಿವೈಸ್ ಮ್ಯಾನೇಜರ್ ತೆಗೆದು ಹೆಸರು ಬದಲಾಗಿದೆಯಾ ಅಂತ ನೋಡಿಕೊಳ್ಳಿ.