ಅಂಡಮಾನೋ ಬಾಲಿಯೋ: ಇಬ್ಬರು ಮಕ್ಕಳು, ಒಬ್ಬರು ಅತ್ತೆ, ಎರಡು ಪ್ರವಾಸ

2024ರ ಡಿಸೆಂಬರ್ ರಜೆಯಲ್ಲಿ ಅಂಡಮಾನಿಗೆ ಹೋಗಿದ್ದೆವು, 2025ರ ಮೇ ತಿಂಗಳಲ್ಲಿ ಬಾಲಿಗೆ. ಎರಡು ಸಲವೂ ಹೊರಟವರು ಅದೇ ಐದು ಜನ: ನಾವಿಬ್ಬರು, ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ, ಮೊಟ್ಟೆಯ ವಾಸನೆಗೂ ಮುಖ ತಿರುಗಿಸುವ ನಮ್ಮ ಅತ್ತೆ. ಆದ್ದರಿಂದ ಯಾವುದು ವಾಸಿ ಎಂದು ಕೇಳಿದವರಿಗೆ ಹೇಳಲು ನನ್ನ ಬಳಿ ಒಂದಿಷ್ಟು ಸರಕಿದೆ.

ಪಟ್ಟಿಯಲ್ಲಿ ಮೊದಲು ಲಕ್ಷದ್ವೀಪವೂ ಇತ್ತು. ಅದರ ಉತ್ತರದ ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡಕ್ಕೇ ಸೇರಿದ್ದವು ಎಂದು ಮಂಗಳೂರಿನವರಾದ ನಮ್ಮ ಯಜಮಾನರು ಅದರ ಪರವಾಗಿ ವಾದಿಸಿದರು. ಆದರೆ ಒಳಗೆ ಹೋಗಲು ಪರವಾನಗಿ ಬೇಕು. ಅದರ ಓಡಾಟಕ್ಕೆ ನಮಗೆ ಪುರುಸೊತ್ತಿರಲಿಲ್ಲ, ಕೈಬಿಟ್ಟೆವು.

ದೂರವನ್ನು ವಿಮಾನದ ಗಂಟೆಯಲ್ಲಿ ಅಳೆದದ್ದು ನಾನು ಮಾಡಿದ ಮೊದಲ ತಪ್ಪು. ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ಸುಮಾರು ಮೂರು ಗಂಟೆ. ಬಾಲಿಗೆ ನೇರ ವಿಮಾನದಲ್ಲೂ ಏಳು ಗಂಟೆಗೆ ಹತ್ತಿರ. ಹಾಗಾದರೆ ಅಂಡಮಾನೇ ಸಲೀಸು ಎಂದುಕೊಂಡೆ. ಆದರೆ ಮಕ್ಕಳಿದ್ದಾಗ ಎಣಿಸಬೇಕಾದದ್ದು ಎಷ್ಟು ಸಲ ಪೆಟ್ಟಿಗೆ ಕಟ್ಟುತ್ತೇವೆ ಎಂಬುದನ್ನು. ಪೋರ್ಟ್ ಬ್ಲೇರ್ (2024ರಿಂದ ಅದು ಶ್ರೀ ವಿಜಯಪುರಂ, ಟ್ಯಾಕ್ಸಿಯವರ ಬಾಯಲ್ಲಿ ಹಳೆಯ ಹೆಸರೇ), ಅಲ್ಲಿಂದ ಹ್ಯಾವ್‌ಲಾಕ್ ದ್ವೀಪ, ಆಮೇಲೆ ನೀಲ್ ದ್ವೀಪ, ಮತ್ತೆ ಪೋರ್ಟ್ ಬ್ಲೇರ್. ಐದು ರಾತ್ರಿಯಲ್ಲಿ ನಾಲ್ಕು ಹೋಟೆಲು, ಮೂರು ಹಡಗು. ಒಂದೊಂದು ಹಡಗಿಗೂ ಗಂಟೆ ಮೊದಲೇ ಜೆಟ್ಟಿಯಲ್ಲಿ ಸಾಲು, ಸಾಮಾನಿಗೆ ಚೀಟಿ, ಗುರುತಿನ ಚೀಟಿಯ ತಪಾಸಣೆ. ಹ್ಯಾವ್‌ಲಾಕ್‌ಗೆ ಒಂದೂವರೆ ಎರಡು ಗಂಟೆಯ ಪಯಣ. ಒಳಗೆ ಹವಾನಿಯಂತ್ರಣ, ತೆರೆಯದ ಕಿಟಕಿ. ಹೊರಟು ಇಪ್ಪತ್ತು ನಿಮಿಷಕ್ಕೆ ಮಗ ಬಿಳಿಚಿಕೊಂಡ. ಮುಂದಿನದನ್ನು ನನ್ನ ದುಪ್ಪಟ್ಟಾ ಹೇಳಬೇಕು. ವಾಂತಿ ತಡೆಯುವ ಮಾತ್ರೆಯನ್ನು ಹಡಗು ಅಲುಗಾಡಿದ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ. ಮಕ್ಕಳ ವೈದ್ಯರನ್ನು ಕೇಳಿ, ಪ್ರಮಾಣ ಬರೆಸಿಕೊಂಡು, ಹತ್ತುವ ಮೊದಲೇ ಕೊಡಬೇಕು. ನೀಲ್‌ನಿಂದ ಮರಳುವ ಹಡಗು ಮೂರು ಗಂಟೆ ತಡವಾಗಿ ಬಂತು. ಅಷ್ಟು ಹೊತ್ತನ್ನು ಅತ್ತೆ ತಂದಿದ್ದ ಹುರಿಹಿಟ್ಟು, ಬೆಲ್ಲದ ಮೇಲೆ ಕಳೆದೆವು.

ಬಾಲಿಯಲ್ಲಿ ಏಳು ರಾತ್ರಿಗೆ ಎರಡೇ ಬಿಡಾರ: ನಾಲ್ಕು ರಾತ್ರಿ ಕಡಲ ದಡದ ಸಾನೂರ್, ಮೂರು ರಾತ್ರಿ ಒಳನಾಡಿನ ಉಬುದ್. ಬೇಕಾದಾಗ ಚಾಲಕನ ಸಮೇತ ಕಾರು, ಸಂಜೆಗೆ ಅದೇ ಹಾಸಿಗೆ. ಇಲ್ಲಿ ಬಾಲಿ ಗೆದ್ದಿತು. ಆದರೆ ಅಲ್ಲಿನ ರಸ್ತೆಗಳು ಕಿರಿದು, ಸ್ಕೂಟರುಗಳು ಇರುವೆಯ ಸಾಲಿನಂತೆ. ಸಾನೂರಿನಿಂದ ಉಬುದ್‌ಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ತಾನೆ ಎಂದು ನಂಬಿ ಹೊರಟರೆ ಒಂದು ಗಂಟೆಗೂ ಮಿಕ್ಕಿ ಕಾರಿನಲ್ಲೇ.

ಗಡಿಯಾರದ ವಿಷಯವನ್ನು ನನಗೆ ಮೊದಲೇ ಯಾರೂ ಹೇಳಿರಲಿಲ್ಲ. ಬಾಲಿಯ ಸಮಯ ನಮಗಿಂತ ಎರಡೂವರೆ ಗಂಟೆ ಮುಂದೆ. ಮಕ್ಕಳ ಹೊಟ್ಟೆಯೂ ಕಣ್ಣೂ ಬೆಂಗಳೂರಿನಲ್ಲೇ ಉಳಿದಿದ್ದವು. ರಾತ್ರಿ ಹನ್ನೊಂದೂವರೆಗೆ ಕುಣಿತ, ಬೆಳಿಗ್ಗೆ ಒಂಬತ್ತಾದರೂ ಏಳಲೊಲ್ಲರು. ತಿಂಡಿ ಮುಗಿಸಿ ಕಡಲಿಗೆ ಇಳಿಯುವಷ್ಟರಲ್ಲಿ ಬಿಸಿಲು ನೆತ್ತಿಗೇರಿರುತ್ತಿತ್ತು. ಮೂರು ದಿನ ಹೀಗೇ ಹೋಯಿತು. ಅಂಡಮಾನ್ ನಮ್ಮಿಂದ ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ಭಾರತದ್ದೇ. ಡಿಸೆಂಬರ್‌ನಲ್ಲಿ ಐದೂವರೆಯ ಹೊತ್ತಿಗೇ ಬೆಳಕು, ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಪರದೆ ಸರಿಸಿಟ್ಟರೆ ಸಾಕು, ಮಕ್ಕಳು ತಾವಾಗಿ ಏಳುತ್ತಿದ್ದರು; ರಾತ್ರಿ ಎಂಟಕ್ಕೆ ಮಾತಿಲ್ಲದೆ ಮಲಗುತ್ತಿದ್ದರು. ಮದುವೆಯಾದ ಮೇಲೆ ನಾವಿಬ್ಬರು ಅಷ್ಟು ನಿರಾಳವಾಗಿ ಕಾಫಿ ಕುಡಿದದ್ದು ಹ್ಯಾವ್‌ಲಾಕ್‌ನ ಆ ಜಗಲಿಯಲ್ಲೇ ಇರಬೇಕು.

ಸಮುದ್ರದ ಮಾತಿಗೆ ಬಂದರೆ ಹೋಲಿಕೆಯೇ ಬೇಡ. ಹ್ಯಾವ್‌ಲಾಕ್‌ನ ಪಶ್ಚಿಮ ದಡದಲ್ಲಿರುವ ರಾಧಾನಗರ ಕಡಲತೀರದ ಮರಳು ಹಿಟ್ಟಿನಂತೆ. ನಾವಿದ್ದ ಎರಡೂ ದಿನ ನೀರು ಐದು ವರ್ಷದವನ ಸೊಂಟದ ಮಟ್ಟದಲ್ಲಿ ಬಹಳ ದೂರ ಹಾಗೆಯೇ ಇತ್ತು, ಹಿಂದೆ ಮುಗಿಲೆತ್ತರದ ಮರಗಳು. ಸಂಜೆಯಾದೊಡನೆ ಕಾವಲಿನವರು ಸೀಟಿ ಊದಿ ಎಲ್ಲರನ್ನೂ ದಡಕ್ಕೆ ಕರೆಸುತ್ತಾರೆ. ಅವರ ಮಾತು ಕೇಳಬೇಕು. ಆದರೆ ‘ಕಡಲೆದುರಿನ ಕೋಣೆ’ ಎಂಬ ಜಾಹೀರಾತನ್ನು ನಂಬಿ ನಾವು ಪೂರ್ವ ದಡದಲ್ಲಿ ಕೋಣೆ ಹಿಡಿದಿದ್ದೆವು. ಮಧ್ಯಾಹ್ನ ಇಳಿತದ ವೇಳೆಗೆ ನೋಡಿದರೆ ಕಣ್ಣಿಗೆಟುಕುವಷ್ಟು ದೂರ ಕಲ್ಲು, ಕೆಸರು, ಸತ್ತ ಹವಳ. “ಅಮ್ಮಾ, ಸಮುದ್ರವನ್ನು ಯಾರು ತೆಗೆದುಕೊಂಡು ಹೋದರು?” ಎಂದು ಮಗ ಕೇಳಿದ. ಹೋಗುವ ದಿನಗಳ ಭರತ-ಇಳಿತದ ವೇಳೆಯನ್ನು ನೋಡಿಯೇ ಕೋಣೆ ಕಾಯ್ದಿರಿಸಿ.

ಬಾಲಿಯಲ್ಲಿ ಕೂಟಾ ಕಡೆಯ ಅಲೆಗಳು ಹಲಗೆಯ ಮೇಲೆ ನಿಂತು ಆಡುವವರಿಗೆ, ಮಕ್ಕಳಿಗಲ್ಲ. ಸಾನೂರಿನಲ್ಲಿ ಹವಳದ ದಿಬ್ಬ ಅಲೆಯನ್ನು ತಡೆಯುವುದರಿಂದ ನೀರು ಶಾಂತ, ದಡದುದ್ದಕ್ಕೂ ನಡೆಯಲು ದಾರಿಯೂ ಇದೆ. ಚೆನ್ನಾಗಿದೆ. ರಾಧಾನಗರ ಅಲ್ಲ.

ಊಟದಲ್ಲಿ ನಾನು ಹೆದರಿದ್ದು ಬಾಲಿಗೆ. ನಾಸಿ ಗೊರೆಂಗ್ ಎಂದರೆ ಹುರಿದ ಅನ್ನ, ಆದರೆ ತರಕಾರಿಯದ್ದೇ ಕೇಳಿದರೂ ಸಿಗಡಿಯ ತೊಕ್ಕು ‘ತೆರಾಸಿ’ ಅದರೊಳಗೆ ಅಡಗಿರಬಹುದು. ‘ತನ್ಪಾ ತೆರಾಸಿ’, ಅಂದರೆ ತೆರಾಸಿ ಇಲ್ಲದೆ ಎಂಬ ಎರಡು ಪದವನ್ನು ಅತ್ತೆ ವಿಷ್ಣುಸಹಸ್ರನಾಮದಂತೆ ಬಾಯಿಪಾಠ ಮಾಡಿದರು. ಸೋಯಾ ಕಾಳನ್ನು ಹುದುಗಿಸಿದ ತೆಂಪೆಯ ಹುರಿದ ತುಂಡುಗಳು ಮಕ್ಕಳಿಗೆ ಹಿಡಿಸಿಬಿಟ್ಟವು. ನಲ್ಲಿ ನೀರನ್ನು ಮಾತ್ರ ಬಾಯಿಗೆ ಹಾಕಬಾರದು, ಹಲ್ಲುಜ್ಜಲೂ ಬಾಟಲಿಯ ನೀರೇ. ಹ್ಯಾವ್‌ಲಾಕ್‌ನಲ್ಲಿ ಬಂಗಾಳಿಗಳ ಸಣ್ಣ ಹೋಟೆಲಿನ ಅನ್ನ, ಬೇಳೆ, ಆಲೂಗಡ್ಡೆ ಪಲ್ಯ ಮೂರೇ ದಿನಕ್ಕೆ ಬೇಸರ ತರಿಸಿತು.

ಅತ್ತೆಯ ಮನಸ್ಸು ಗೆದ್ದದ್ದು ಬಾಲಿಯೇ. ಪ್ರತಿ ಬೆಳಿಗ್ಗೆ ಹೊಸ್ತಿಲ ಬಳಿ ತೆಂಗಿನ ಗರಿಯ ಪುಟ್ಟ ತಟ್ಟೆ, ಅದರಲ್ಲಿ ಹೂವು, ನಾಲ್ಕು ಅಗುಳು ಅನ್ನ, ಒಂದು ಬಿಸ್ಕತ್ತು, ಪಕ್ಕದಲ್ಲಿ ಹೊಗೆಯಾಡುವ ಊದುಬತ್ತಿ. ‘ಚನಾಂಗ್ ಸಾರಿ’ ಎನ್ನುತ್ತಾರೆ. ಎರಡನೆಯ ದಿನ ಮಗ ಆ ಬಿಸ್ಕತ್ತನ್ನು ಎತ್ತಿ ತಿಂದುಬಿಟ್ಟ. ನಾನು ನಾಚಿಕೆಯಿಂದ ಕುಗ್ಗಿಹೋದೆ. ಹೋಟೆಲಿನ ಹೆಂಗಸು ನಕ್ಕು ಅವನ ತಲೆ ಸವರಿದಳು. “ನೈವೇದ್ಯ ಆದ ಮೇಲೆ ಪ್ರಸಾದ ತಾನೆ, ತಿಂದರೆ ತಪ್ಪೇನು?” ಎಂದು ಅತ್ತೆ ತೀರ್ಪು ಕೊಟ್ಟರು. ಅವರದೂ ನಮ್ಮಂತೆ ಶಕ ವರ್ಷದ ಲೆಕ್ಕ. ಹೊಸ ವರ್ಷವಾದ ‘ನ್ಯೇಪಿ’ಯಂದು ದೀಪವಿಲ್ಲ, ಓಡಾಟವಿಲ್ಲ, ವಿಮಾನ ನಿಲ್ದಾಣವೂ ಇಡೀ ದಿನ ಮುಚ್ಚಿರುತ್ತದೆ. 2023ರಲ್ಲಿ ಅದು ನಮ್ಮ ಯುಗಾದಿಯ ದಿನವೇ, ಮಾರ್ಚ್ 22ರಂದು ಬಂದಿತ್ತು. ಮಾರ್ಚ್‌ನಲ್ಲಿ ಹೊರಡುವವರು ಟಿಕೆಟ್‌ಗೆ ಮೊದಲು ಈ ದಿನವನ್ನು ನೋಡಿಕೊಳ್ಳಿ.

ಖರ್ಚು? ಬಾಲಿಯಲ್ಲಿ ಇಳಿದೊಡನೆ ತಲೆಗೆ 5,00,000 ಇಂಡೋನೇಷ್ಯಾ ರುಪಿಯಾ ವೀಸಾ, ಮೇಲೆ 1,50,000 ಪ್ರವಾಸಿ ಶುಲ್ಕ, ಮಕ್ಕಳಿಗೂ ಅಷ್ಟೇ. ಐವರಿಗೆ ನಮ್ಮ ಹದಿನಾರು ಸಾವಿರ ರೂಪಾಯಿಗೂ ಹೆಚ್ಚು. ಅಂಡಮಾನಿನಲ್ಲಿ ಆ ದುಡ್ಡು ಹಡಗಿಗೆ ಹೋಗುತ್ತದೆ. ಡಿಸೆಂಬರ್ ಕೊನೆಯ ವಾರದ ವಿಮಾನ ದರವನ್ನೂ ಸೇರಿಸಿದರೆ ನಾವಂದುಕೊಂಡಷ್ಟು ಅಂತರ ಉಳಿಯಲಿಲ್ಲ.

ಮಗನಿಗೆ ಹತ್ತು ತುಂಬುವವರೆಗೆ ನನ್ನ ಮತ ಅಂಡಮಾನಿಗೆ. ಅತ್ತೆಯದು ಬಾಲಿಗೆ, ಅವರು ಬದಲಾಯಿಸುವುದಿಲ್ಲ. ಮುಂದಿನ ಸಲ ನೀಲ್ ಬೇಡ. ಹ್ಯಾವ್‌ಲಾಕ್‌ನಲ್ಲೇ ನಾಲ್ಕು ರಾತ್ರಿ, ಮರಳುವ ಹಡಗಿಗೂ ವಿಮಾನಕ್ಕೂ ನಡುವೆ ಪೂರ್ತಿ ಒಂದು ದಿನ. ಮತ್ತು ಹೊರಡುವ ಮುನ್ನ ಮಗನ ಜೇಬು ತಪಾಸಣೆ: ದಡದ ಹವಳವನ್ನು ಕೊಂಡೊಯ್ಯುವಂತಿಲ್ಲ. ಅವನು ಒಂದು ತುಂಡನ್ನು ಅಕ್ಕನ ಕಂಪಾಸ್ ಪೆಟ್ಟಿಗೆಯಲ್ಲಿ ಅಡಗಿಸಿಟ್ಟದ್ದು ಗೊತ್ತಾದದ್ದು ವಿಮಾನ ನಿಲ್ದಾಣದ ತಪಾಸಣಾ ಯಂತ್ರದ ಮುಂದೆ, ಹಿಂದೆ ನಲವತ್ತು ಜನ ಕಾಯುತ್ತಿರುವಾಗ.