ಶೋಪಾನ್‌ನ ಪ್ರಿಲ್ಯೂಡ್‌ಗಳು: ಎಕಿಯೆರ್ ಸಂಪಾದಿಸಿದ ಸಂಪುಟಕ್ಕೆ ದುಡ್ಡು ಕೊಡಬೇಕೇ?

ಪಿಯಾನೊ ರಚನಕಾರ ಶೋಪಾನ್‌ನ ಪ್ರಿಲ್ಯೂಡ್‌ಗಳ, ಅಂದರೆ ಚಿಕ್ಕ ಪಿಯಾನೊ ರಚನೆಗಳ, ಸ್ಕೋರ್ (ಸ್ವರಲಿಪಿ) ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ನೂರು ವರ್ಷ ದಾಟಿದ ಅಚ್ಚುಗಳ ಪಿಡಿಎಫ್ ಇಳಿಸಿಕೊಂಡು, ಪ್ರಿಂಟ್ ತೆಗೆದು, ಅದರಲ್ಲೇ ಕಲಿಯುವವರು ಬಹಳ ಜನ. ಹಾಗಿರುವಾಗ ಪೋಲೆಂಡಿನ ರಾಷ್ಟ್ರೀಯ ಆವೃತ್ತಿಯ ಈ ಸಂಪುಟವನ್ನು, ಅಂದರೆ ಯಾನ್ ಎಕಿಯೆರ್ (1913–2014) ಸಂಪಾದಿಸಿದ ಪಾಠವನ್ನು (ಮೂಲಗಳನ್ನು ಹೋಲಿಸಿ ಗೊತ್ತುಮಾಡಿದ ಸ್ವರಲಿಪಿಯನ್ನು), ಯಾಕೆ ಕೊಳ್ಳಬೇಕು? ಮುಖ್ಯವಾಗಿ ಪೆಡಲ್ (ನಾದ ಉಳಿಸಲು ಕಾಲಲ್ಲಿ ಒತ್ತುವ ಸಾಧನ) ಗುರುತುಗಳಿಗಾಗಿ, ಆಮೇಲೆ ಟಿಪ್ಪಣಿಗಳಿಗಾಗಿ. ಟಿಪ್ಪಣಿ ಓದುವ ತಾಳ್ಮೆ ಇಲ್ಲದವರಿಗೆ ಅರ್ಧ ದುಡ್ಡು ದಂಡ. ಓದುವವರಿಗೆ ಇದಕ್ಕಿಂತ ಒಳ್ಳೆಯ ಖರೀದಿ ಕಡಿಮೆ.

ಸಂಪುಟದಲ್ಲಿರುವುದು ಓಪಸ್ (ಕೃತಿಯ ಕ್ರಮಸಂಖ್ಯೆ) 28ರ 24 ರಚನೆಗಳು ಮತ್ತು 1841ರ ಓಪಸ್ 45. ಓಪಸ್ 28ರಲ್ಲಿ ಹನ್ನೆರಡು ಮೇಜರ್, ಹನ್ನೆರಡು ಮೈನರ್ ಕೀಗಳಿಗೆ (ಆಧಾರ ಸ್ವರಶ್ರೇಣಿಗಳಿಗೆ) ಒಂದೊಂದು ರಚನೆ: ಸಿ ಮೇಜರ್, ಅದರ ಜೋಡಿ ಎ ಮೈನರ್, ನಂತರ ಜಿ ಮೇಜರ್, ಇ ಮೈನರ್, ಹೀಗೆ ಐದನೇ ಸ್ವರದ ಹೆಜ್ಜೆಯಲ್ಲಿ ಸುತ್ತು ಮುಗಿಸಿ ಡಿ ಮೈನರ್‌ಗೆ ನಿಲ್ಲುತ್ತದೆ. ಅತಿ ಚಿಕ್ಕದರಲ್ಲಿ 12 ಬಾರ್ (ತಾಳದ ಆವರ್ತದಂಥ ಘಟಕ), ಅತಿ ಉದ್ದದ್ದರಲ್ಲಿ 90.

ಪಾಠದ ಗೊಂದಲ ಎಲ್ಲಿಂದ ಬಂತೆಂದು ತಿಳಿದರೆ ಈ ಆವೃತ್ತಿಯ ಬೆಲೆ ತಿಳಿಯುತ್ತದೆ. 1838–39ರ ಚಳಿಗಾಲದಲ್ಲಿ ಶೋಪಾನ್ ಮಯೋರ್ಕಾ ದ್ವೀಪದ ವಾಲ್ದೆಮೋಸಾದಲ್ಲಿದ್ದ. ಅಲ್ಲಿ ಕೆಲಸ ಮುಗಿಸಿ 1839ರ ಜನವರಿಯಲ್ಲಿ ಹಸ್ತಪ್ರತಿಯನ್ನು ಪ್ಯಾರಿಸ್‌ನಲ್ಲಿದ್ದ ಗೆಳೆಯ ಫೊಂತಾನಾಗೆ ಕಳಿಸಿದ. ಪ್ಯಾರಿಸ್‌ನ ಅಚ್ಚು ಆ ಹಸ್ತಪ್ರತಿಯಿಂದ ಆಯಿತು. ಲೈಪ್‌ಸಿಗ್‌ನ ಅಚ್ಚು ಫೊಂತಾನಾ ಮಾಡಿಕೊಟ್ಟ ನಕಲಿನಿಂದ ಆಯಿತು. ಲಂಡನ್ನಿನಲ್ಲಿ ಇನ್ನೊಂದು ಅಚ್ಚು. ಇದರ ಮೇಲೆ, ಕಲಿಸುವಾಗ ಶಿಷ್ಯರ ಪ್ರತಿಗಳಲ್ಲಿ ಶೋಪಾನ್ ಪೆನ್ಸಿಲ್ಲಿನಿಂದ ತಿದ್ದಿದ ಗುರುತುಗಳೂ ಉಳಿದಿವೆ. ಓಲೆಗರಿಗಳಿಂದ ಪಂಪನನ್ನೋ ರನ್ನನನ್ನೋ ಸಂಪಾದಿಸುವವರು ಪಾಠಾಂತರಗಳ ಜೊತೆ ಹೆಣಗಾಡುವ ಹಾಗೆಯೇ ಇಲ್ಲೂ ಒಂದೊಂದು ಸ್ವರಕ್ಕೂ ವಿಚಾರಣೆ ನಡೆಯಬೇಕಾಗುತ್ತದೆ. ಎಕಿಯೆರ್ ಆ ವಿಚಾರಣೆಯನ್ನು ಓದುಗನ ಕಣ್ಣೆದುರಿಗೇ ಇಟ್ಟಿದ್ದಾರೆ. ಯಾವ ಬೆರಳಿನಿಂದ ನುಡಿಸಬೇಕೆಂದು ಶೋಪಾನ್ ಬರೆದ ಅಂಕಿ ದಪ್ಪಕ್ಷರದಲ್ಲಿದೆ, ಸಂಪಾದಕರದು ಸಣ್ಣ ಓರೆಯಕ್ಷರದಲ್ಲಿದೆ. ‘ಓಸಿಯಾ’ ಎಂದು ಹೆಸರಿಟ್ಟು ಮೇಲೆ ಕೊಟ್ಟ ಪರ್ಯಾಯ ಶೋಪಾನ್ ತಾನೇ ಗುರುತಿಸಿದ್ದು ಅಥವಾ ಶಿಷ್ಯರ ಪ್ರತಿಯಲ್ಲಿ ಅವನ ಕೈಯಿಂದಲೇ ಬರೆದದ್ದು. ಆ ಹೆಸರಿಲ್ಲದೆ ಕೊಟ್ಟಿದ್ದರೆ ಮೂಲಗಳೇ ಒಂದಕ್ಕೊಂದು ಒಪ್ಪುತ್ತಿಲ್ಲ ಎಂದರ್ಥ. ಈ ಎರಡು ಸೂತ್ರ ನೆನಪಿಟ್ಟುಕೊಂಡರೆ ಪುಟ ತಾನಾಗಿ ಮಾತಾಡುತ್ತದೆ.

ಉದಾಹರಣೆಗೆ ಓಪಸ್ 28ರ 20ನೆಯದು, ಸಿ ಮೈನರ್, 13 ಬಾರ್. ಸ್ವರ ಓದಲು ಸುಲಭ, ಹೊಸಬರು ಮೊದಲು ಹಿಡಿಯುವುದೂ ಇದನ್ನೇ. ಇದರ ಮೂರನೇ ಬಾರ್‌ನ ಕೊನೆಯ ಕಾರ್ಡ್‌ನ (ಒಟ್ಟಿಗೆ ನುಡಿಸುವ ಸ್ವರಗಳ) ಮೇಲಿನ ಸ್ವರ ಇ ನ್ಯಾಚುರಲ್ಲೋ, ಅರ್ಧ ಹೆಜ್ಜೆ ತಗ್ಗಿನ ಇ ಫ್ಲ್ಯಾಟೋ? ಅದೇ ಬಾರ್‌ನಲ್ಲಿ ಮುಂಚೆ ಇ ನ್ಯಾಚುರಲ್ ಬಂದಿರುವುದರಿಂದ, ಹೊಸ ಗುರುತು ಹಾಕದಿದ್ದರೆ ಕೊನೆಯದೂ ನ್ಯಾಚುರಲ್ ಆಗುತ್ತದೆ, ಕಾರ್ಡ್ ಸಿ ಮೇಜರ್ ಆಗುತ್ತದೆ. ಹಸ್ತಪ್ರತಿಯಲ್ಲಿ ಫ್ಲ್ಯಾಟ್ ಇಲ್ಲ. ಆದರೆ ಶಿಷ್ಯೆ ಜೇನ್ ಸ್ಟರ್ಲಿಂಗ್ ಪ್ರತಿಯಲ್ಲಿ ಫ್ಲ್ಯಾಟ್ ಸೇರಿಸಿದೆ. ಟಿಪ್ಪಣಿ ಓದದೆ ಇದನ್ನು ತೀರ್ಮಾನಿಸಬೇಡಿ. ನಮ್ಮ ಮತ ಫ್ಲ್ಯಾಟ್‌ಗೆ. ಮೂರನೇ ಬಾರ್ ಸಿ ಮೈನರ್‌ನಲ್ಲಿ ಕತ್ತಲಾಗಿ ಮುಗಿದರೆ ನಾಲ್ಕನೆಯದರಲ್ಲಿ ಜಿ ಮೇಜರ್ ಬರುವಾಗ ಕಿವಿಗೆ ನಿಜವಾಗಿ ಬೆಳಕು ಬಂದಂತಾಗುತ್ತದೆ. ಮೊದಲೇ ಮೇಜರ್ ನುಡಿಸಿಬಿಟ್ಟರೆ ಆ ಬೆಳಕು ಅಲ್ಲೇ ಖರ್ಚಾಗಿಹೋಗುತ್ತದೆ. ಎರಡನ್ನೂ ನುಡಿಸಿ ನೋಡಿ, ಐದು ನಿಮಿಷದ ಕೆಲಸ.

ಇನ್ನೂ ಹತ್ತಿರದಿಂದ ನೋಡಬೇಕಾದದ್ದು 9ನೆಯದು, ಇ ಮೇಜರ್, ಬರೀ 12 ಬಾರ್. ನಡುವಿನ ಧ್ವನಿ ಪ್ರತಿ ಎಣಿಕೆಯನ್ನೂ ಮೂರು ಸಮ ಭಾಗ ಮಾಡುತ್ತದೆ, ನಮ್ಮ ತಿಶ್ರದ ಹಾಗೆ. ಮೇಲಿನ ರಾಗದಲ್ಲಿ ಚುಕ್ಕೆಯ ಉದ್ದ ಸ್ವರ, ಅದರ ಬಾಲಕ್ಕೆ ಹದಿನಾರನೇ ಭಾಗದ ಗಿಡ್ಡ ಸ್ವರ. ಲೆಕ್ಕದ ಪ್ರಕಾರ ಗಿಡ್ಡ ಸ್ವರ ಎಣಿಕೆಯ ನಾಲ್ಕನೇ ಮೂರು ಭಾಗದಲ್ಲಿ ಬೀಳಬೇಕು. ತಿಶ್ರದ ಮೂರನೇ ಸ್ವರ ಬೀಳುವುದು ಮೂರನೇ ಎರಡು ಭಾಗದಲ್ಲಿ. ವ್ಯತ್ಯಾಸ ಎಣಿಕೆಯ ಹನ್ನೆರಡನೇ ಒಂದು ಭಾಗ. ಇಷ್ಟು ನಿಧಾನದ ಲಾರ್ಗೋದಲ್ಲಿ ಅದು ಸ್ಪಷ್ಟವಾಗಿ ಕೇಳಿಸುತ್ತದೆ. ಶೋಪಾನ್ ಕೈಬರಹದಲ್ಲಿ ಈ ಗಿಡ್ಡ ಸ್ವರವನ್ನು ತಿಶ್ರದ ಮೂರನೇ ಸ್ವರದ ನೇರಕ್ಕೆ ಇಟ್ಟಿದ್ದಾನೆ. ಅಂದರೆ ಎರಡೂ ಒಟ್ಟಿಗೆ ಬೀಳಬೇಕು. ನಂತರದ ಹಲವು ಅಚ್ಚುಗಳಲ್ಲಿ ಅದನ್ನು ‘ಲೆಕ್ಕಕ್ಕೆ ಸರಿಯಾಗಿ’ ಬಲಕ್ಕೆ ಸರಿಸಿಬಿಟ್ಟರು, ಅದನ್ನು ನೋಡಿ ಕಲಿತವರು ಆ ಗಿಡ್ಡ ಸ್ವರವನ್ನು ತಿಶ್ರ ಮುಗಿದ ಮೇಲೆ ಚುರುಕಾಗಿ ತಟ್ಟುತ್ತಾರೆ. ಹಾಗೆ ಮಾಡಿದರೆ ಗಂಭೀರವಾಗಿ ಸಾಗಬೇಕಾದ ನಡೆ ಕುಂಟುತ್ತದೆ. ಎಕಿಯೆರ್ ಅಚ್ಚಿನಲ್ಲಿ ಎರಡೂ ಸ್ವರ ಒಂದೇ ಗೆರೆಯಲ್ಲಿ ನಿಂತಿವೆ. ಜೋಡಿ ಚುಕ್ಕೆಯ ನಂತರ ಮೂವತ್ತೆರಡನೇ ಭಾಗದ ಸ್ವರ ಬರುವ ಕಡೆಗಳಲ್ಲಿ ಮಾತ್ರ ಅದು ತಿಶ್ರದ ಆಚೆ ಬೀಳುತ್ತದೆ. ಈ ಎರಡು ಬಗೆಯ ಚುಕ್ಕೆ ಬೇರೆಬೇರೆಯಾಗಿ ಕೇಳಿಸಿದಾಗಲೇ 12 ಬಾರ್‌ಗಳಲ್ಲಿ ಇಷ್ಟು ದೂರದ ಪಯಣ ಹೇಗೆ ಸಾಧ್ಯವಾಯಿತು ಎನ್ನುವುದು ಅರ್ಥವಾಗುತ್ತದೆ. ಅಭ್ಯಾಸಕ್ಕೆ ಮೊದಲು ನಡುವಿನ ಧ್ವನಿ ಒಂದನ್ನೇ ಸಮವಾಗಿ ನುಡಿಸಿ, ಮೇಲಿನ ರಾಗವನ್ನು ಬಾಯಲ್ಲಿ ಹಾಡಿ. ಕೈ ಸೇರಿಸುವುದು ಆಮೇಲೆ.

ಈಗ ಪೆಡಲ್. ಶೋಪಾನ್ ಪೆಡಲ್ ಗುರುತನ್ನು ಸ್ವರದಷ್ಟೇ ಎಚ್ಚರದಿಂದ ಬರೆದವನು, ಹಲವು ಆವೃತ್ತಿಗಳು ಅದನ್ನು ಸಲಹೆಯೆಂದು ತಿಳಿದು ಬದಲಾಯಿಸಿವೆ. 2ನೆಯದರಲ್ಲಿ (ಎ ಮೈನರ್) ಅವನು ಪೆಡಲ್ ಬರೆದದ್ದು ಕೊನೆಯ ಭಾಗದಲ್ಲಿ, ಒಂದೇ ಒಂದು ಕಡೆ. ಎಡಗೈಯ ಒರಟು ಸ್ವರಜೋಡಿಗಳು ಒಣಗಿಕೊಂಡೇ ಕೇಳಬೇಕೆಂಬ ಉದ್ದೇಶ ಅದರಿಂದ ಗೊತ್ತಾಗುತ್ತದೆ. 7ನೆಯದರಲ್ಲಿ (ಎ ಮೇಜರ್, 16 ಬಾರ್) ಎರಡು ಬಾರ್‌ಗೆ ಒಂದೇ ಪೆಡಲ್. 16ನೆಯದರಲ್ಲಿ (ಬಿ ಫ್ಲ್ಯಾಟ್ ಮೈನರ್) ಆರಂಭದ ಆರು ಕಾರ್ಡ್ ಮುಗಿದು ಬಲಗೈ ಓಟ ಶುರುವಾದ ಮೇಲೆ ಪೆಡಲ್ ಹಲವು ಬಾರ್‌ಗಳಷ್ಟು ಉದ್ದ. ಇಂದಿನ ದೊಡ್ಡ ಪಿಯಾನೊದಲ್ಲಿ ಅದನ್ನು ಅಕ್ಷರಶಃ ತುಳಿದರೆ ಎಲ್ಲ ಕಲಸಿಹೋಗುತ್ತದೆ. ಶೋಪಾನ್ ಇಷ್ಟಪಟ್ಟ ಪ್ಲೆಯೆಲ್ ಪಿಯಾನೊಗಳಲ್ಲಿ ತಂತಿಯ ನಾದ ಬೇಗ ಆರುತ್ತಿತ್ತು, ಇಂದಿನ ವಾದ್ಯದಲ್ಲಿ ಆರುವುದಿಲ್ಲ. ಹಾಗಂತ ಗುರುತನ್ನು ಬಿಟ್ಟುಬಿಡಬಾರದು. ಪೆಡಲನ್ನು ಪೂರ್ತಿ ಒತ್ತದೆ ಮೂರನೇ ಒಂದರಷ್ಟು ಒತ್ತಿ, ಬಾಸ್ ಸ್ವರ ಉಳಿಯುವಷ್ಟು ಮಾತ್ರ ಆಗಾಗ ಅಲುಗಿಸಿ. ಬಾಸ್ ಹೋಯಿತೆಂದರೆ ತುಂಬಾ ಎತ್ತಿದಿರಿ ಎಂದರ್ಥ. ಡಿಜಿಟಲ್ ಪಿಯಾನೊ ಇರುವವರು ಗಮನಿಸಿ: ಬರೀ ಆನ್–ಆಫ್ ಬಗೆಯ ಚಿಕ್ಕ ಪೆಡಲ್ ಇದಕ್ಕೆ ಸಾಲದು, ಅರ್ಧ ಪೆಡಲ್ ಗುರುತಿಸುವ ಪೆಡಲ್ ಬೇಕು.

17ನೆಯದರ (ಎ ಫ್ಲ್ಯಾಟ್ ಮೇಜರ್) ಕೊನೆಯಲ್ಲಿ ತಗ್ಗಿನ ಎ ಫ್ಲ್ಯಾಟ್ 11 ಸಲ ಬಡಿಯುತ್ತದೆ. ಮೇಲೆ ರಾಗ ಮೆಲ್ಲಗಾಗುತ್ತಾ ಹೋದರೂ ಬಾಸ್ ಮಾತ್ರ ಪ್ರತಿ ಸಲವೂ ಒಂದೇ ಬಲದಲ್ಲಿ ಬರಬೇಕು. ಹಳೆಯ ಕೋಟೆಯ ಗಡಿಯಾರ ಹನ್ನೊಂದು ಹೊಡೆಯುವುದು, ಗಡಿಯಾರಕ್ಕೆ ಮೆಲ್ಲಗಾಗುವುದು ಗೊತ್ತಿಲ್ಲ ಎಂಬ ಅರ್ಥದ ಮಾತು ಶೋಪಾನ್‌ನ ಶಿಷ್ಯೆ ಮದಾಂ ದ್ಯುಬ್ವಾ ಮೂಲಕ ಬಂದಿದೆ. ಮೇಲಿನ ರಾಗದ ಜೊತೆ ಬಾಸನ್ನೂ ಇಳಿಸಿಬಿಡುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು.

4ನೆಯದನ್ನು (ಇ ಮೈನರ್, 25 ಬಾರ್) ಹೆಚ್ಚು ಜನ ನುಡಿಸುತ್ತಾರೆ, ಹೆಚ್ಚು ಜನ ಕೆಡಿಸುತ್ತಾರೆ. ತಾಳ ಗುರುತು ನೋಡಿ: ಬಾರ್‌ಗೆ ಎರಡೇ ಎಣಿಕೆ. ನಾಲ್ಕು ಎಣಿಸಿದರೆ ಎಡಗೈಯ ಕಾರ್ಡ್‌ಗಳು ಒಂದೊಂದಾಗಿ ಕುಟ್ಟಿದಂತಾಗುತ್ತವೆ. ಕೀಯನ್ನು ಪೂರ್ತಿ ಮೇಲೆ ಬರಲು ಬಿಡದೆ, ಅರ್ಧಕ್ಕೇ ಮತ್ತೆ ಒತ್ತಿ, ಬೆರಳು ಕೀಗೆ ಅಂಟಿಕೊಂಡೇ ಇರಲಿ. ಕಾರ್ಡ್‌ನೊಳಗೆ ಒಂದೊಂದು ಸಲ ಒಂದು ಸ್ವರ ಮಾತ್ರ ಅರ್ಧ ಹೆಜ್ಜೆ ಕೆಳಗಿಳಿಯುತ್ತದೆ. ಆ ಇಳಿಯುವ ಸ್ವರಕ್ಕೆ ಕೂದಲೆಳೆಯಷ್ಟು ತೂಕ ಕೊಟ್ಟರೆ ಸಾಕು, ರಚನೆ ಉಸಿರಾಡಲು ಶುರುಮಾಡುತ್ತದೆ. 1849ರ ಅಕ್ಟೋಬರ್ 30ರಂದು ಪ್ಯಾರಿಸ್‌ನ ಮದ್ಲೆನ್ ಚರ್ಚಿನಲ್ಲಿ ಶೋಪಾನ್‌ನ ಅಂತ್ಯಕ್ರಿಯೆ ನಡೆದಾಗ ಆರ್ಗನ್ ಮೇಲೆ ನುಡಿಸಿದ್ದು ಇದನ್ನು ಮತ್ತು 6ನೆಯದನ್ನು.

15ನೆಯದಕ್ಕೆ ಅಂಟಿಕೊಂಡ ‘ಮಳೆಹನಿ’ ಎಂಬ ಹೆಸರು ಶೋಪಾನ್ ಇಟ್ಟದ್ದಲ್ಲ. ಬಿಡದೆ ಬರುವ ಎ ಫ್ಲ್ಯಾಟ್ ನಡುವಿನ ಭಾಗದಲ್ಲಿ ಜಿ ಶಾರ್ಪ್ ಎಂದು ಹೆಸರು ಬದಲಿಸಿಕೊಳ್ಳುತ್ತದೆ, ಪಿಯಾನೊದಲ್ಲಿ ಒತ್ತುವ ಕೀ ಅದೇ. ಹನಿಯನ್ನು ತೋರಿಸುವ ಉತ್ಸಾಹದಲ್ಲಿ ಆ ಸ್ವರವನ್ನು ರಾಗಕ್ಕಿಂತ ಮುಂದೆ ತಂದರೆ ಮೊದಲ ಪುಟದಲ್ಲೇ ಆಟ ಮುಗಿಯಿತು. 23ನೆಯದರಲ್ಲಿ (ಎಫ್ ಮೇಜರ್) ಕೊನೆಯಿಂದ ಎರಡನೇ ಬಾರ್‌ನಲ್ಲಿ ಬರುವ ಇ ಫ್ಲ್ಯಾಟ್ ಅನ್ನು ಯಾರೂ ತಪ್ಪೆಂದುಕೊಂಡು ಬಿಡಬಾರದು. ಕಾರ್ಡ್ ಬಿಡಿಸದೆ ಬಾಗಿಲು ತೆರೆದಿಟ್ಟು ಹೋಗುವ ಆ ಒಂದು ಸ್ವರಕ್ಕಾಗಿಯೇ 22 ಬಾರ್ ನುಡಿಸಬೇಕು.

ಬೇರೆ ಆವೃತ್ತಿಗಳ ಜೊತೆ ಇಟ್ಟು ನೋಡಿದರೆ: ಹೆನ್ಲೆ ಪ್ರಕಾಶನದ್ದು ಕಣ್ಣಿಗೆ ಹಿತವಾದ ಅಚ್ಚು, ನಂಬಬಹುದಾದ ಪಾಠ. ಟಿಪ್ಪಣಿ ಓದುವ ಅಭ್ಯಾಸ ಇಲ್ಲದವರು ಅದನ್ನೇ ಕೊಂಡರೂ ನಷ್ಟವಿಲ್ಲ. ಪೀಟರ್ಸ್ ಪ್ರಕಾಶನದಲ್ಲಿ ಜಾನ್-ಜಾಕ್ ಐಗೆಲ್ಡಿಂಗರ್ ಸಂಪಾದಿಸಿದ 2003ರ ಸಂಪುಟ ವಿದ್ವತ್ತಿನಲ್ಲಿ ಎಕಿಯೆರ್‌ಗೆ ಸಮ. ಪಾದೆರೆವ್‌ಸ್ಕಿ ಹೆಸರಿನ ಆವೃತ್ತಿಯಲ್ಲಿ ಬೇರೆಬೇರೆ ಮೂಲಗಳನ್ನು ಬೆರೆಸಿ ಒಂದು ಪಾಠ ಮಾಡಿದ್ದಾರೆ, ಕೆಲವು ಕಡೆ ಶಾರ್ಪ್–ಫ್ಲ್ಯಾಟ್ ಹೆಸರುಗಳನ್ನೂ ವ್ಯಾಕರಣಕ್ಕೆ ಒಗ್ಗಿಸಿದ್ದಾರೆ. ಅದರಲ್ಲೇ ಕಲಿತವರು ಗಾಬರಿಯಾಗಬೇಕಿಲ್ಲ, ಆದರೆ ಸಂದೇಹ ಬಂದ ಸ್ವರವನ್ನು ಬೇರೆ ಕಡೆ ಪರೀಕ್ಷಿಸಿ. ಪುಕ್ಕಟೆ ಸಿಗುವ ಮಿಕುಲಿ ಆವೃತ್ತಿ ಶೋಪಾನ್‌ನ ನೇರ ಶಿಷ್ಯನದು, ಗೌರವದಿಂದ ನೋಡಬೇಕಾದದ್ದು. ಪಿಯಾನೊ ವಾದಕ ಕೊರ್ತೋ ಅವರ 1926ರ ಅಭ್ಯಾಸ ಆವೃತ್ತಿ ಪಾಠಕ್ಕೆ ಬೇಡ, ವ್ಯಾಯಾಮಕ್ಕೆ ಬೇಕು: 3ನೆಯದರ ಎಡಗೈ ಓಟ, 8ನೆಯದರಲ್ಲಿ ಹೆಬ್ಬೆರಳಿಗೇ ರಾಗ ಸಿಕ್ಕುವ ಕಷ್ಟ, ಇಂಥವನ್ನು ಬಿಡಿಸಿ ಕಲಿಯಲು ಅದು ಇಂದಿಗೂ ಉಪಯೋಗಕ್ಕೆ ಬರುತ್ತದೆ.

ಎಕಿಯೆರ್ ಸಂಪುಟದ ಮೇಲೆ ದೂರುಗಳೂ ಇವೆ. ಟಿಪ್ಪಣಿ ಪೋಲಿಷ್ ಮತ್ತು ಇಂಗ್ಲಿಷಿನಲ್ಲಿದೆ, ಭಾಷೆ ಬಿಗಿ, ಮೊದಲ ಓದಿಗೆ ದಕ್ಕುವುದಿಲ್ಲ. ಸಂಪಾದಕರ ಬೆರಳು ಗುರುತು ದೊಡ್ಡ ಕೈಗೆ ಹೊಂದುವಂಥದ್ದು, ಚಿಕ್ಕ ಕೈಯವರು ತಮ್ಮದನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಬೇಕಾಗುತ್ತದೆ. 7ನೆಯದರ 12ನೇ ಬಾರ್‌ನ ದೊಡ್ಡ ಕಾರ್ಡ್ ಒಂದೇ ಹಿಡಿತಕ್ಕೆ ಸಿಗದಿದ್ದರೆ ಕೆಳಗಿನಿಂದ ಮೇಲಕ್ಕೆ ಬೇಗ ಮುರಿದು ನುಡಿಸಿ, ಮೇಲಿನ ಸ್ವರ ತಡವಾಗದಿರಲಿ. ಹಳೆಯ ಪ್ರತಿ ಕೊಳ್ಳುವುದಾದರೆ ಟಿಪ್ಪಣಿಯ ಪುಟಗಳು ಜೊತೆಗಿವೆಯೇ ಎಂದು ಮೊದಲೇ ಕೇಳಿ. ಅವಿಲ್ಲದ ಪ್ರತಿಗೆ ಪೂರ್ತಿ ಬೆಲೆ ಕೊಡಬೇಡಿ. ಇನ್ನೊಂದು ವಿಷಯ: 1834ರ ಎ ಫ್ಲ್ಯಾಟ್ ಮೇಜರ್ ಪ್ರಿಲ್ಯೂಡ್ ಹುಡುಕುವವರಿಗೆ ಅದು ಇಲ್ಲಿ ಸಿಗುವುದಿಲ್ಲ. ಈ ಮಾಲೆಯ ‘ಎ’ ವಿಭಾಗದಲ್ಲಿ ಶೋಪಾನ್ ಬದುಕಿದ್ದಾಗ ಅಚ್ಚಾದವು ಮಾತ್ರ ಇವೆ, ಆ ರಚನೆ ಅಚ್ಚಾದದ್ದು 1918ರಲ್ಲಿ.