‘ದ ಶ್ಯಾಕ್’: ಕರಡು ತಿದ್ದುವವನ ಓದು

ವಿಲಿಯಂ ಪೌಲ್ ಯಂಗ್ ಅವರ ‘ದ ಶ್ಯಾಕ್’ ಕಾದಂಬರಿಯ ಗದ್ಯ ಕಳಪೆ. ಮೊದಲೇ ಹೇಳಿಬಿಡುವುದು ಒಳ್ಳೆಯದು. ಪುಸ್ತಕವನ್ನು ಎದೆಗವಚಿಕೊಂಡವರೂ ಈ ಮಾತಿಗೆ ಜಗಳಕ್ಕೆ ಬರುವುದಿಲ್ಲ. ನಾನು ಪತ್ರಿಕಾಲಯದಲ್ಲಿ ಕರಡು ತಿದ್ದಿ ನಿವೃತ್ತನಾದವನು. ಈಗ ಹುಬ್ಬಳ್ಳಿಯ ನಮ್ಮ ಕ್ರೈಸ್ತ ಸಭೆಯ ಪುಸ್ತಕದ ಕಪಾಟಿಗೆ ನಾನೇ ಕಾವಲುಗಾರ. ಬೈಬಲ್ ವ್ಯಾಖ್ಯಾನಗಳ ದಪ್ಪ ಸಂಪುಟಗಳು ಅಲ್ಲಿ ವರ್ಷಗಟ್ಟಲೆ ಅಲುಗಾಡುವುದಿಲ್ಲ. ಈ ಪುಸ್ತಕ ಮಾತ್ರ, ಅದೂ ಇಂಗ್ಲಿಷಿನದು, ಆರಾಧನೆ ಮುಗಿಯುತ್ತಿದ್ದಂತೆ ಯಾರದಾದರೂ ಕೈಚೀಲ ಸೇರುತ್ತದೆ.

ಕಥೆ ನಡೆಯುವುದು ಅಮೆರಿಕದ ಆರಿಗನ್ ರಾಜ್ಯದಲ್ಲಿ. ಮ್ಯಾಕ್ ಎಂಬ ತಂದೆ ಮಕ್ಕಳನ್ನು ಕರೆದುಕೊಂಡು ವಾಲೋವಾ ಸರೋವರದ ಬಳಿ ಬಿಡಾರ ಹೂಡಿದ್ದಾನೆ. ದೋಣಿ ಮಗುಚಿ ಮಗ ನೀರಿನಡಿ ಸಿಕ್ಕಿಕೊಂಡಾಗ ಅವನನ್ನು ಉಳಿಸಲು ಧಾವಿಸುತ್ತಾನೆ. ಅಷ್ಟರಲ್ಲಿ ಕಿರಿಯ ಮಗಳು ಮಿಸ್ಸಿ ಕಾಣೆಯಾಗುತ್ತಾಳೆ. ಕಾಡಿನೊಳಗಿನ ಪಾಳು ಗುಡಿಸಲಿನಲ್ಲಿ ರಕ್ತ ಹತ್ತಿದ ಅವಳ ಉಡುಪು ಸಿಗುತ್ತದೆ, ದೇಹ ಆಗ ಸಿಗುವುದಿಲ್ಲ. ಕೆಲವು ವರ್ಷಗಳ ನಂತರ ಮ್ಯಾಕ್‌ನ ಅಂಚೆ ಡಬ್ಬಿಯಲ್ಲಿ ಒಂದು ಚೀಟಿ: ಅದೇ ಗುಡಿಸಲಿಗೆ ಬಾ. ಕೆಳಗೆ ‘ಪಾಪಾ’ ಎಂಬ ಸಹಿ. ಅವನ ಹೆಂಡತಿ ದೇವರನ್ನು ಕರೆಯುವುದು ಹಾಗೆಯೇ. ಹೋದವನನ್ನು ಬಾಗಿಲಲ್ಲಿ ಅಪ್ಪಿಕೊಳ್ಳುವ ತಂದೆಯಾದ ದೇವರು ಒಬ್ಬ ದಪ್ಪನೆಯ ಕಪ್ಪು ಹೆಂಗಸು, ಒಳ್ಳೆಯ ಅಡುಗೆಯವಳು. ಯೇಸು ಮಧ್ಯಪ್ರಾಚ್ಯದ ಬಡಗಿ. ಪವಿತ್ರಾತ್ಮ ತೋಟ ನೋಡಿಕೊಳ್ಳುವ ಏಷ್ಯಾದ ಹೆಂಗಸು, ಹೆಸರು ಸರಯೂ. ಅಯೋಧ್ಯೆಯ ನದಿಗೆ ಆರಿಗನ್ ಕಾಡಿನಲ್ಲೇನು ಕೆಲಸ ಎಂದು ನಮ್ಮ ಹಿರಿಯರೊಬ್ಬರು ಇನ್ನೂ ಕೇಳುತ್ತಿದ್ದಾರೆ.

ಪುಸ್ತಕ ಬಂದ ಬಗೆಯೂ ಒಂದು ಕಥೆಯೇ. ಯಂಗ್ ಇದನ್ನು ಬರೆದದ್ದು ತಮ್ಮ ಆರು ಮಕ್ಕಳಿಗಾಗಿ. 2005ರ ಕ್ರಿಸ್ಮಸ್ ಹೊತ್ತಿಗೆ ಹದಿನೈದು ಪ್ರತಿ ತೆಗೆಸಿ ಮನೆಯವರಿಗೂ ಸ್ನೇಹಿತರಿಗೂ ಹಂಚಿದರು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ಬೇಡವೆಂದರು. ಕ್ರೈಸ್ತ ಪ್ರಕಾಶಕರಿಗೆ ಇದರ ದೇವರು ನುಂಗಲಾರದ ತುತ್ತು. ಉಳಿದವರಿಗೆ ಇದರಲ್ಲಿ ಯೇಸು ಹೆಚ್ಚಾದ. ಕೊನೆಗೆ ಇಬ್ಬರು ಸ್ನೇಹಿತರು ಅವರ ಜೊತೆ ಕುಳಿತು ಮತ್ತೆ ಮತ್ತೆ ತಿದ್ದಿ, ಇದಕ್ಕೆಂದೇ ಪ್ರಕಾಶನ ಸಂಸ್ಥೆ ತೆರೆದು, 2007ರಲ್ಲಿ ಹೊರತಂದರು. ಪ್ರಚಾರಕ್ಕೆ ಖರ್ಚಾದದ್ದು ಸುಮಾರು 300 ಡಾಲರ್. ಮರುವರ್ಷ ನ್ಯೂಯಾರ್ಕ್ ಟೈಮ್ಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಈವರೆಗೆ ಮಾರಾಟವಾದ ಪ್ರತಿಗಳು ಎರಡು ಕೋಟಿಯ ಆಸುಪಾಸಿನಲ್ಲಿವೆ.

‘ಮತ್ತೆ ಮತ್ತೆ ತಿದ್ದಿ’ ಎಂಬುದನ್ನು ಓದಿ ನನಗೆ ನಗು ಬಂತು. ಇದು ತಿದ್ದಿದ ಪ್ರತಿಯಾದರೆ ತಿದ್ದದ ಪ್ರತಿ ಹೇಗಿತ್ತೋ! ಯಾರೂ ಸುಮ್ಮನೆ ಮಾತಾಡುವುದಿಲ್ಲ. ನಸುನಕ್ಕು ಮಾತಾಡುತ್ತಾರೆ, ಕಣ್ಣು ಮಿಟುಕಿಸಿ ಮಾತಾಡುತ್ತಾರೆ. ತ್ರಿಯೇಕ ದೇವರು ತಮ್ಮ ಮಾತಿಗೆ ತಾವೇ ಇಷ್ಟು ನಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮ್ಯಾಕ್ ಅಳುತ್ತಾನೆ, ತಡೆದುಕೊಳ್ಳುತ್ತಾನೆ, ಮತ್ತೆ ಅಳುತ್ತಾನೆ. ಒಂದು ವಿಶೇಷಣ ಸಾಕಾಗುವ ಕಡೆ ಮೂರು ಇರುತ್ತವೆ. ಪ್ರತಿ ಅಧ್ಯಾಯದ ತಲೆಯ ಮೇಲೆ ದೊಡ್ಡವರೊಬ್ಬರ ಉಕ್ತಿ ಬೇರೆ, ಮುಂದಿನ ಗದ್ಯವನ್ನು ಇನ್ನಷ್ಟು ಬಡವಾಗಿಸುವುದಕ್ಕೆ.

ಓದುಗರು ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎನ್ನುವುದು ಇಂತಹ ಪುಸ್ತಕಗಳ ಬಗ್ಗೆ ಎಲ್ಲರೂ ಹೇಳುವ ಮಾತು. ನಾನೂ ಹಾಗೆಯೇ ಅಂದುಕೊಳ್ಳುತ್ತಿದ್ದೆನೇನೋ, ನಮ್ಮ ಕಪಾಟಿನ ಪ್ರತಿ ಕೈಯಲ್ಲಿ ಇಲ್ಲದಿದ್ದರೆ. ಹಲವು ಮನೆ ಸುತ್ತಿ ಬಂದ ಪುಸ್ತಕದ ಪುಟಗಳು ಒಂದೇ ಸಮನಾಗಿ ಸವೆಯುವುದಿಲ್ಲ. ಉಡುಪು ಸಿಗುವ ಪುಟ ಬೆರಳಿನ ಜಿಡ್ಡಿಗೆ ಕಂದಿದೆ. ಗುಡಿಸಲಿನ ಬಾಗಿಲು ತೆರೆಯುವ ಕಡೆ ಮೂಲೆ ಮಡಿಸಿ ಮಡಿಸಿ ಹರಿಯುವಂತಾಗಿದೆ. ಮಗುವನ್ನು ಮಣ್ಣು ಮಾಡುವ ಅಧ್ಯಾಯದಲ್ಲಿ ನೀರು ಬಿದ್ದು ಒಣಗಿದ ಗುರುತುಗಳು. ಅದು ಯಾವ ನೀರು ಎಂದು ಕೇಳುವ ಅಧಿಕಾರ ನನಗಿಲ್ಲ. ಆದರೆ ನಡುವೆ ಅಧಿಕಾರ, ಸ್ವಾತಂತ್ರ್ಯ, ಹಕ್ಕು, ಸಂಬಂಧ ಎಂದು ದೇವರು ಮ್ಯಾಕ್‌ಗೆ ಪಾಠ ಹೇಳುವ ಪುಟಗಳಿವೆಯಲ್ಲ, ಅವು ಅಂಗಡಿಯಿಂದ ಬಂದ ದಿನದ ಹಾಗೆಯೇ ಬೆಳ್ಳಗಿವೆ. ಮಗನನ್ನು ಕಳೆದುಕೊಂಡ ನಮ್ಮ ಸಭೆಯ ತಾಯಿಯೊಬ್ಬರನ್ನು ಕೇಳಿದೆ. “ಪ್ರಸಂಗದ ಹಾಗಿದ್ದ ಕಡೆ ಪುಟ ದಾಟಿಸಿದೆ ಅಣ್ಣಾ, ಪ್ರಸಂಗಕ್ಕೆ ಭಾನುವಾರ ಇದೆಯಲ್ಲ” ಎಂದರು.

ಅಂದರೆ ನಾನು ಮಾಡಬೇಕಾದ ಕೆಲಸವನ್ನು ಓದುಗರೇ ಮಾಡಿಕೊಂಡಿದ್ದಾರೆ. ನನಗಿಂತ ಚೆನ್ನಾಗಿಯೇ ಮಾಡಿದ್ದಾರೆ. ನಾನಾದರೆ ವಿಶೇಷಣಗಳನ್ನು ಹೊಡೆದುಹಾಕಿ ಪಾಠಗಳನ್ನು ಉಳಿಸುತ್ತಿದ್ದೆ. ಅವರು ವಿಶೇಷಣಗಳನ್ನು ಸಹಿಸಿಕೊಂಡು ಪಾಠಗಳನ್ನು ಬಿಟ್ಟರು. ಈ ಪುಸ್ತಕದ ನಿಜವಾದ ದೌರ್ಬಲ್ಯ ಇರುವುದು ಆ ಪಾಠಗಳಲ್ಲಿಯೇ. ಅಲ್ಲಿ ಮ್ಯಾಕ್ ಒಂದು ಗಟ್ಟಿ ಪ್ರಶ್ನೆ ಕೇಳುವುದಿಲ್ಲ. ಮುಂದಿನ ಉತ್ತರಕ್ಕೆ ಬೇಕಾದಷ್ಟು ಕೇಳಿ ಸುಮ್ಮನಾಗುತ್ತಾನೆ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡವನ ಕಥೆಯಾದ ಬೈಬಲಿನ ಯೋಬನ ಗ್ರಂಥವನ್ನು ಪಕ್ಕದಲ್ಲಿಟ್ಟು ನೋಡಿ. ಅವನ ಗೆಳೆಯರಾದ ಎಲೀಫಜ, ಬಿಲ್ದದ, ಚೋಫರ ಮೂವರೂ ತಪ್ಪು ಹೇಳುತ್ತಾರೆ, ಆದರೆ ಎಂಥ ಮಾತುಗಳಲ್ಲಿ! ಯೋಬ ಅವರಿಗೂ ಬಗ್ಗುವುದಿಲ್ಲ, ದೇವರನ್ನೇ ನ್ಯಾಯಕ್ಕೆ ಕರೆಯುತ್ತಾನೆ. ಬಿರುಗಾಳಿಯೊಳಗಿಂದ ಮಾತಾಡುವ ದೇವರು ಅವನ ಪ್ರಶ್ನೆಗೆ ಉತ್ತರ ಕೊಡುವುದೂ ಇಲ್ಲ. ಮಗಳನ್ನು ಕಳೆದುಕೊಂಡ ಮ್ಯಾಕ್‌ಗೆ ಆ ಸಿಟ್ಟಿನ ಕಾಲುಭಾಗವನ್ನಾದರೂ ಯಂಗ್ ಕೊಡಬೇಕಿತ್ತು.

ಒಂದು ಕಡೆ ಕೊಟ್ಟಿದ್ದಾರೆ. ಗುಹೆಯೊಳಗೆ ಸೋಫಿಯಾ ಎಂಬ ಹೆಂಗಸು ಮ್ಯಾಕ್‌ನನ್ನು ನ್ಯಾಯಾಧೀಶನ ಪೀಠದಲ್ಲಿ ಕೂರಿಸುತ್ತಾಳೆ: ನಿನ್ನ ಐದು ಮಕ್ಕಳಲ್ಲಿ ಇಬ್ಬರನ್ನು ಸ್ವರ್ಗಕ್ಕೆ, ಮೂವರನ್ನು ನರಕಕ್ಕೆ ಆರಿಸು. ಅವನು ಒದ್ದಾಡುತ್ತಾನೆ, ಜಗಳವಾಡುತ್ತಾನೆ, ಕೊನೆಗೆ ಅವರ ಬದಲು ನಾನೇ ಹೋಗುತ್ತೇನೆ ಎನ್ನುತ್ತಾನೆ. ಇಲ್ಲಿಯೂ ವಾಕ್ಯಗಳು ಒರಟಾಗಿಯೇ ಇವೆ. ಪೆನ್ನು ಮುಚ್ಚಿಟ್ಟು ಓದಿದೆ.

ಇದೇ ಪೇಟೆಯ ಇನ್ನೊಂದು ದೊಡ್ಡ ಸರಕು, 1995ರಲ್ಲಿ ಶುರುವಾಗಿ ಹದಿನಾರು ಪುಸ್ತಕಗಳವರೆಗೆ ಬೆಳೆದ ‘ಲೆಫ್ಟ್ ಬಿಹೈಂಡ್’ ಕಾದಂಬರಿ ಸರಣಿ. ಯೇಸು ತನ್ನವರನ್ನು ಮೇಲಕ್ಕೆ ಕರೆದೊಯ್ದ ಮೇಲೆ ಉಳಿದವರ ಕಥೆ. ಆರು ಕೋಟಿಗೂ ಹೆಚ್ಚು ಪ್ರತಿ ಹೋಗಿವೆ. ವಿಮಾನ ಹಾರುತ್ತಿದ್ದಂತೆ ಪ್ರಯಾಣಿಕರು ಬಟ್ಟೆ ಬಿಟ್ಟು ಮಾಯವಾಗುತ್ತಾರೆ. ಲೋಕದ ಎಳೆಯ ಮಕ್ಕಳೆಲ್ಲ ಇಲ್ಲವಾಗುತ್ತಾರೆ. ಪತ್ರಕರ್ತ ನಾಯಕನ ಚಿಂತೆ ಮಾತ್ರ ತನ್ನ ಕಂಪ್ಯೂಟರನ್ನು ವಿಮಾನದ ಫೋನಿಗೆ ಜೋಡಿಸುವುದು ಹೇಗೆ ಎಂಬುದು. ಕಾಮಾ ಎಲ್ಲಿ ಹಾಕಬೇಕೆಂದು ಅದರ ಲೇಖಕರಿಗೆ ಯಂಗ್‌ಗಿಂತ ಚೆನ್ನಾಗಿ ಗೊತ್ತು. ಆದರೂ ಅದನ್ನು ನಾನು ಎರಡನೆಯ ಸಲ ತೆರೆಯುವುದಿಲ್ಲ.

ದೇವಶಾಸ್ತ್ರದವರ ತಕರಾರು ಬೇರೆ. ಆಲ್ಬರ್ಟ್ ಮೋಲರ್ ಅವರಂತಹ ಬ್ಯಾಪ್ಟಿಸ್ಟ್ ಪಂಡಿತರು ಇದರ ಬೋಧನೆಯನ್ನು ಕಟುವಾಗಿ ಖಂಡಿಸಿದರು. ಬೈಬಲನ್ನು ಆಡುಮಾತಿನ ಇಂಗ್ಲಿಷಿಗೆ ತಂದ ಯೂಜೀನ್ ಪೀಟರ್ಸನ್ ಅವರು ಹದಿನೇಳನೆಯ ಶತಮಾನದ ಇಂಗ್ಲಿಷ್ ಲೇಖಕ ಜಾನ್ ಬನ್ಯನ್‌ನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ಗೆ ಸಮನಾಗಬಹುದೆಂದು ಹೊಗಳಿದರು. ತಂದೆಯಾದ ದೇವರ ಮಣಿಕಟ್ಟಿನಲ್ಲೂ ಶಿಲುಬೆಯ ಗಾಯದ ಗುರುತು ಇರಬಹುದೇ ಎಂಬ ವಾದವನ್ನು ನಮ್ಮ ಸಭಾಪಾಲಕರಿಗೆ ಬಿಡುತ್ತೇನೆ. ಬನ್ಯನ್‌ನ ಹೋಲಿಕೆ ಮಾತ್ರ ನನ್ನ ಕಸುಬಿಗೆ ಸೇರಿದ್ದು. ಆತ ತಾಮ್ರ–ತವರದ ಪಾತ್ರೆ ರಿಪೇರಿ ಮಾಡುತ್ತಿದ್ದವನು, ದೊಡ್ಡ ಶಾಲೆ ಕಂಡವನಲ್ಲ. ಆದರೂ ಆತನ ಒಂದು ವಾಕ್ಯದಿಂದ ಒಂದು ಪದ ಕೀಳಲು ಆಗುವುದಿಲ್ಲ. ಯಂಗ್ ಅವರ ಪುಟದಿಂದ ಅರ್ಧ ಕಿತ್ತರೂ ಯಾರಿಗೂ ಗೊತ್ತಾಗುವುದಿಲ್ಲ.

2017ರ ಚಲನಚಿತ್ರ ಅದನ್ನೇ ಮಾಡಿದೆ. ಪಾಠಗಳು ಬಹಳಷ್ಟು ಕರಗಿವೆ, ವಿವರಣೆ ಮಾಡಬೇಕಿದ್ದುದನ್ನು ಪಾಪಾ ಪಾತ್ರದ ಆಕ್ಟೇವಿಯಾ ಸ್ಪೆನ್ಸರ್ ಅವರ ಮುಖ ಮಾಡುತ್ತದೆ. ಓದುವ ತಾಳ್ಮೆ ಇಲ್ಲದವರು ಅದನ್ನು ನೋಡಬಹುದು.

ಒಂದು ವಿಷಯಕ್ಕೆ ಮಾತ್ರ ಕ್ಷಮೆಯಿಲ್ಲ. ಕಥೆ ಮುಗಿದ ಮೇಲೆ ‘ಮಿಸ್ಸಿ ಪ್ರಾಜೆಕ್ಟ್’ ಎಂಬ ಶೀರ್ಷಿಕೆಯಡಿ, ಈ ಪುಸ್ತಕವನ್ನು ಬೇರೆಯವರಿಗೂ ತಲುಪಿಸಿ ಎಂಬ ವಿನಂತಿ ಇದೆ. ಸತ್ತ ಮಗುವಿನ ಹೆಸರನ್ನು ಮಾರಾಟಕ್ಕೆ ಹಚ್ಚುವುದು ಕಾಗುಣಿತದ ತಪ್ಪಲ್ಲ.

ಸುಮಾರು 250 ಪುಟಗಳ ಪುಸ್ತಕ. ಹಳೆಯ ಪ್ರತಿ ಸಿಕ್ಕರೆ ಸಾಕು, ಹೊಸದಕ್ಕೆ ದುಡ್ಡು ಹಾಕಬೇಡಿ. ಬೇಸರ ಬಂದ ಕಡೆ ಸಂಕೋಚವಿಲ್ಲದೆ ಪುಟ ದಾಟಿಸಿ. ಮಗುವನ್ನು ಕಳೆದುಕೊಂಡವರಿಗೆ ನೀವಾಗಿಯೇ ಉಡುಗೊರೆ ಕೊಡಲು ಹೋಗಬೇಡಿ. ಅವರೇ ಕೇಳಿದರೆ ಕೊಡಿ, ವಾಪಸು ಯಾವಾಗ ಎಂದು ಮಾತ್ರ ಕೇಳಬೇಡಿ.